ಅಪೂರ್ಣ ಭೂತಕಾಲದ ಮೂರು ಹಾಳೆಗಳು

ಜೂನ್ ೩

ಚಿರಂಜೀವಿ ಕೊಂಬುವಿಗೆ ಮಾವನ ಆಶೀರ್ವಾದಗಳು.

ನೀನು ಕೆಲಸಕ್ಕೆ ಸೇರಿ ಹದಿನೆಂಟು ದಿನಗಳಾದವು. ಬಂದ ಪತ್ರ ಒಂದು. ಅದರ ಮೊದಲ ಸಾಲಿನಲ್ಲಿಯೇ ‘ನಾನು ಸಖವಾಗಿದ್ದೇನೆ’ ಎಂದು ಬರೆದಿದ್ದೀಯೆ. ಸುಖಕ್ಕೆ ಕೊಂಬು ಬೇಕು, ತಾಯಿ. ಆರನೆಯ ವಯಸ್ಸಿನಲ್ಲಿ ಕೊಂಬು ಬಿಟ್ಟು ಬರೆಯುತ್ತಿದ್ದವಳಿಗೆ ನಾನಿಟ್ಟ ಅಡ್ಡಹೆಸರು ಇಪ್ಪತ್ತಾರರಲ್ಲಿಯೂ ಹಳತಾಗಿಲ್ಲವೆಂಬುದು ನನ್ನ ಪಾಠದ ಹಿರಿಮೆಯಲ್ಲ.

ಹೊರಡುವಾಗ ನೀನು ಕೊಟ್ಟ ಮಾತನ್ನು ನೆನಪಿಸುತ್ತೇನೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಿದೆ. ನನ್ನ ಬೀಳ್ಕೊಡುಗೆಯ ದಿನ ಭಾಷಣ ಬಿಗಿದ ಶಿಷ್ಯರಲ್ಲಿ ಒಬ್ಬನೂ ನಮ್ಮ ಹಳೆಯ ಸ್ಪ್ಯಾನಿಷ್ ಕಥೆಪುಸ್ತಕವನ್ನು ಕೊನೆಯವರೆಗೆ ಓದಿದವನಲ್ಲ. ನೀನು ಓದುತ್ತೇನೆ ಎಂದೆ. ಕಥೆ ನಿನಗೆ ಗೊತ್ತೇ ಇದೆ: ನದಿ ದಾಟುವ ಜಾಗದಲ್ಲಿ ಒಂದು ತಂಗುಮನೆ, ಸೊಂಟದಲ್ಲಿ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡ ಒಡತಿ, ಹೆಸರಿಲ್ಲದ ಕೆಲಸದಾಕೆ, ಬಂದ ಯಾತ್ರಿಕರು ಬೇಗ ಹೊರಡದಂತೆ ಒಡತಿ ದ್ರಾಕ್ಷಾರಸಕ್ಕೆ ಬೆರೆಸುವ ನಿದ್ರೆಯ ಮದ್ದು. ಮುನ್ನೂರು ವರ್ಷಗಳಿಂದ ಜನ ಇದನ್ನು ಓದುತ್ತಿರುವುದು ಕಥೆಗಾಗಿ ಅಲ್ಲ, ಕ್ರಿಯಾಪದಗಳಿಗಾಗಿ ಎಂದು ನನ್ನ ಅಭಿಪ್ರಾಯ.

ನನ್ನ ಪದ್ಧತಿಯೂ ನಿನಗೆ ಗೊತ್ತು. ವರ್ತಮಾನಕಾಲದಿಂದ ಪಾಠ ಆರಂಭಿಸುವುದು ಅಂಗಡಿಯಲ್ಲಿ ಚೌಕಾಸಿ ಮಾಡುವವರಿಗೆ ಸರಿ. ನಾವು ಆರಂಭಿಸುವುದು ಅಪೂರ್ಣ ಭೂತಕಾಲದಿಂದ. ‘ಬಾಗಿಲು ತೆರೆದಳು’ ಅಲ್ಲ, ‘ದಿನವೂ ತೆರೆಯುತ್ತಿದ್ದಳು’. ಮುಗಿಯದ, ಮತ್ತೆ ಮತ್ತೆ ನಡೆಯುವ, ಯಾರೂ ಬಂದು ನಿಲ್ಲಿಸದ ಕೆಲಸಗಳ ಕಾಲ ಅದು. ಇಡೀ ಭಾಷೆಯಲ್ಲಿ ಅಲ್ಲಿ ದಾರಿ ತಪ್ಪುವ ಕ್ರಿಯಾಪದಗಳು ಮೂರೇ: ಆಗಿರು, ಹೋಗು, ನೋಡು. ಈ ಮೂರನ್ನು ಬಾಯಿಪಾಠ ಮಾಡು.

ಪುಸ್ತಕವನ್ನು ಅಂಚೆಗೆ ಕೊಡಲು ಮನಸ್ಸಿಲ್ಲ. ಪತ್ರಕ್ಕೊಂದು ಅಧ್ಯಾಯದಂತೆ ಕೈಯಲ್ಲಿ ನಕಲು ಮಾಡಿ ಕಳಿಸುತ್ತೇನೆ. ನೀನು ಪ್ರತಿ ಅಧ್ಯಾಯದ ಧಾಟಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಒಂದು ಹಾಳೆ ಬರೆಯಬೇಕು. ಅಲ್ಲಿ ಕಂಡ ಮುಖಗಳಿಗೆ ಪುಸ್ತಕದ ಉಡುಪು ತೊಡಿಸು. ನಾನು ಕೆಂಪು ಶಾಯಿಯಲ್ಲಿ ತಿದ್ದಿ, ಅದರ ಶುದ್ಧ ಪ್ರತಿಯನ್ನು ನನ್ನ ನೋಟುಪುಸ್ತಕಕ್ಕೆ ಇಳಿಸಿಕೊಂಡು, ಹಾಳೆಯನ್ನು ಹಿಂದಿರುಗಿಸುತ್ತೇನೆ. ಪ್ರತಿ ಹಾಳೆಗೂ ತಾರೀಖು ಹಾಕು. ತಾರೀಖಿಲ್ಲದ ಬರಹಕ್ಕೆ ಬೆನ್ನೆಲುಬಿಲ್ಲ.

ನಿನ್ನ
ಮಾವ


ಜೂನ್ ೧೪

ಪ್ರೀತಿಯ ಮಾವನವರಿಗೆ ಕೊಂಬುವಿನ ನಮಸ್ಕಾರಗಳು.

ಸುಖವಾಗಿದ್ದೇನೆ. (ನೋಡಿ, ಈ ಸಲ ಹಾಕಿದ್ದೇನೆ.)

ಈ ಆರೈಕೆ ಮನೆಯಲ್ಲಿ ಮೂವತ್ತೆರಡು ಜನ ವಯಸ್ಸಾದವರಿದ್ದಾರೆ. ಉದ್ದನೆಯ ಎರಡು ಕೊಠಡಿಗಳು, ಹಸಿರು ಬಣ್ಣದ ಗೋಡೆ, ಕಾಲಿಟ್ಟರೆ ಕಿರುಗುಟ್ಟುವ ಮರದ ಮೆಟ್ಟಿಲು. ನರ್ಸುಗಳು ನಾವಿಬ್ಬರು. ಮೇಲ್ವಿಚಾರಕಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ತುಂಬ ಶಿಸ್ತಿನವರು, ನಿಮಗೆ ಹಿಡಿಸುತ್ತಾರೆ. ನನ್ನ ಮೂಲ ಪ್ರಮಾಣಪತ್ರಗಳನ್ನೆಲ್ಲ ತಮ್ಮ ಬೀರುವಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದಾರೆ. ನಾವು ಬರೆಯುವ ಪತ್ರಗಳನ್ನೂ ಅವರೇ ಓದಿ ಅಂಟಿಸಿ ಕಳಿಸುತ್ತಾರೆ, ನಮಗೆ ಬರುವುದನ್ನು ಒಡೆದು ಕೊಡುತ್ತಾರೆ. ಮನೆಯ ಮರ್ಯಾದೆಗಾಗಿ. ನಿಮ್ಮ ಪತ್ರವನ್ನು ಮಾತ್ರ ಬರೀ ವ್ಯಾಕರಣ ಎಂದು ಎರಡು ಸಾಲು ನೋಡಿ ಕೊಟ್ಟುಬಿಟ್ಟರು.

ನನ್ನ ಅಭ್ಯಾಸದ ಹಾಳೆಯನ್ನು ಮೇಲೆ ಕೆಳಗೆ ಮಾಡಿ ನೋಡಿ, “ಇದೇನಮ್ಮ, ಇರುವೆ ಸಾಲು?” ಎಂದರು.

“ಹಳೇ ಕಾಲದ ಕಥೆ ಮೇಡಂ. ನಮ್ಮ ಮಾವ ಪಾಠ ಹೇಳ್ತಾರೆ. ಅವ್ರಿಗೂ ಹೊತ್ತು ಹೋಗ್ಬೇಕಲ್ಲ.”

“ಅಯ್ಯೋ ಪಾಪ. ರಿಟೈರಾದ ಮೇಷ್ಟ್ರುಗಳ ಪಾಡೇ ಅಷ್ಟು. ಕಳ್ಸು, ಕಳ್ಸು.”

ಬೇಸರ ಮಾಡಿಕೊಳ್ಳಬೇಡಿ ಮಾವ, ಬೇರೆ ಏನೂ ಹೇಳುವಂತಿರಲಿಲ್ಲ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಡಿಯಾರದಜ್ಜಿ ಎಂದು ಹೆಸರಿಟ್ಟಿದ್ದೇನೆ. “ಗಂಟೆ ಎಷ್ಟಾಯ್ತೇ?” ಅನ್ನುತ್ತಾರೆ. “ನಾಲ್ಕಜ್ಜಿ” ಅಂದರೆ, “ಸುಳ್ಳಿ! ನಿನ್ನೇನೂ ನಾಲ್ಕೇ ಅಂದಿದ್ದೆ” ಅಂತ ಜಗಳಕ್ಕೇ ಬರುತ್ತಾರೆ. ನಾನು ಇಲ್ಲಿ ನಗುವುದು ಅವರೊಬ್ಬರ ಹತ್ತಿರ.

ಹಾಳೆ ಜೊತೆಗಿದೆ. ನೋಡಿಕೊಳ್ಳಿ.

ನಿಮ್ಮ
ಕೊಂಬು


ಜೂನ್ ೨೩

ಚಿರಂಜೀವಿ ಕೊಂಬುವಿಗೆ ಆಶೀರ್ವಾದಗಳು.

‘ಹೊತ್ತು ಹೋಗುವುದಕ್ಕೆ’ ಎಂಬ ನಿನ್ನ ಮಾತನ್ನು ಕ್ಷಮಿಸಿದ್ದೇನೆ, ಮರೆತಿಲ್ಲ. ಪತ್ರಗಳನ್ನು ಓದಿ ಕಳಿಸುವುದು ಒಳ್ಳೆಯ ಪದ್ಧತಿಯೇ. ನಮ್ಮ ಶಾಲೆಯ ವಸತಿಗೃಹದಲ್ಲಿಯೂ ಇತ್ತು. ಹುಡುಗರ ಕಾಗುಣಿತ ಅದರಿಂದ ಎಷ್ಟೋ ಸುಧಾರಿಸಿತು.

ಈಗ ಹಾಳೆ. ಇಪ್ಪತ್ತಕ್ಕೆ ಹನ್ನೊಂದು. ‘ತಂಗುಮನೆಯಲ್ಲಿ ಮೂವತ್ತೆರಡು ಯಾತ್ರಿಕರು ಇರುತ್ತಿದ್ದರು, ಕೆಲಸದಾಕೆಯರು ಇಬ್ಬರೇ ಇರುತ್ತಿದ್ದರು’: ಶುದ್ಧ. ‘ಮಧ್ಯಾಹ್ನ ಒಂದಕ್ಕೆ ಒಡತಿ ಎಲ್ಲರಿಗೂ ಹನಿ ಹಾಕಿಸುತ್ತಿದ್ದಳು’: ಶುದ್ಧ. ‘ಅವರು ಸಂಜೆಯವರೆಗೆ ನಿದ್ರಿಸುತ್ತಿದ್ದರು, ಕರೆದರೂ ಏಳುತ್ತಿರಲಿಲ್ಲ’: ಇಲ್ಲಿ ‘ನಿದ್ರಿಸುತ್ತಿದ್ದರು’ ಎಂಬುದರ ನೆತ್ತಿಯ ಗೀಟು ಬಿಟ್ಟಿದ್ದೀಯೆ. ಆ ಗೀಟು ಕನ್ನಡದ ಕೊಂಬಿನ ಅಣ್ಣ; ನಿನಗೆ ಇಡೀ ಸಂಸಾರದ ಮೇಲೆ ಹಗೆ ಇರುವಂತಿದೆ. ಒಂದೇ ಹಾಳೆಯಲ್ಲಿ ನಾಲ್ಕು ಕಡೆ ಬಿಟ್ಟದ್ದಕ್ಕೆ ನಾಲ್ಕು ಅಂಕ ಹೋದವು.

ಉಳಿದ ಐದು ಅಂಕ ಹೋದದ್ದು ಕಲ್ಪನೆಯ ಬಡತನಕ್ಕೆ. ಪುಸ್ತಕದ ನಿದ್ರೆಯ ಮದ್ದನ್ನು ಇದ್ದಹಾಗೆಯೇ ಎತ್ತಿ ಹಾಕಿದ್ದೀಯೆ. ಅನುಕರಣೆ ಬೇರೆ, ನಕಲು ಬೇರೆ.

ಇಲ್ಲಿ ಎಲ್ಲವೂ ಎಂದಿನಂತೆ. ಪಕ್ಕದ ಮನೆಯ ದರ್ಜಿ ನಾನು ಭೂತಗನ್ನಡಿ ಹಿಡಿದು ಬರೆಯುವುದನ್ನು ಕಂಡು, “ಮೇಷ್ಟ್ರೇ, ನಿಮ್ ಕನ್ನಡಕಕ್ಕೆ ಒಂದ್ ಕನ್ನಡಕ ಹೊಲ್ದ್ಕೊಡ್ಲಾ?” ಎಂದು ಹಾಸ್ಯ ಮಾಡುತ್ತಾನೆ. ಅವನ ಹಾಸ್ಯ ಅವನ ಗುಂಡಿಗಳ ಹಾಗೆ, ಸಡಿಲ.

ನಿನ್ನ
ಮಾವ


ಜುಲೈ ೯

ಮಾವನವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಕೆಲಸ ಜಾಸ್ತಿ, ಆದ್ದರಿಂದ ಚಿಕ್ಕ ಪತ್ರ. ನನ್ನ ಜೊತೆಯ ನರ್ಸು ಕೆಲಸ ಬಿಟ್ಟಳು. ಬೇರೆಯವರು ಬರುವವರೆಗೆ ನಾನೊಬ್ಬಳೇ. ಮೇಡಂ ನನ್ನ ಮೇಲೆ ತುಂಬ ವಿಶ್ವಾಸವಿಟ್ಟಿದ್ದಾರೆ.

ಹಾಳೆಯನ್ನು ಈ ಸಲ ದಯವಿಟ್ಟು ನಿಧಾನವಾಗಿ ಓದಿ, ಮಾವ. ಗೀಟುಗಳನ್ನು ಆಮೇಲೆ ನೋಡಿದರೂ ಆದೀತು. ನಕಲು ಮಾಡಿದ್ದೇನೆ ಎಂದಿರಿ. ನಾನು ನಕಲು ಮಾಡಿಲ್ಲ.

ಕೊಂಬು


ಜುಲೈ ೨೦

ಚಿರಂಜೀವಿ ಕೊಂಬುವಿಗೆ ಆಶೀರ್ವಾದಗಳು.

ನೀನು ಕೇಳಿದಂತೆ ನಿಧಾನವಾಗಿ ಓದಿದೆ. ಒಂದೊಂದು ಪದವನ್ನೂ ಪ್ರತ್ಯೇಕವಾಗಿ ನೋಡಿದೆ. ಇನ್ನೂ ಮೂರು ತಪ್ಪು ಸಿಕ್ಕವು.

ಆದರೂ ಪ್ರಗತಿ ಇದೆ: ಇಪ್ಪತ್ತಕ್ಕೆ ಹದಿಮೂರು. ‘ವೈದ್ಯನ ಕಾಗದ ಐದು ಹನಿ ಎನ್ನುತ್ತಿತ್ತು, ಒಡತಿ ಹತ್ತು ಎನ್ನುತ್ತಿದ್ದಳು, ಎಣಿಸುವ ಕೈ ಕೆಲಸದಾಕೆಯದಾಗಿರುತ್ತಿತ್ತು’: ಈ ವಾಕ್ಯದ ಕಟ್ಟು ಚೆನ್ನಾಗಿದೆ. ಮೂರು ಕ್ರಿಯಾಪದಗಳೂ ಒಂದೇ ಕಾಲದಲ್ಲಿ ಹೆಜ್ಜೆ ಹಾಕಿವೆ. ‘ಗಂಟೆ ಕೇಳುತ್ತಿದ್ದ ಮುದುಕಿ ಈಗೀಗ ಗಂಟೆ ಕೇಳುತ್ತಿರಲಿಲ್ಲ’: ಇದೂ ಒಳ್ಳೆಯ ವಾಕ್ಯ, ಕಿಟಕಿ ಪಕ್ಕದ ನಿನ್ನ ಗೆಳತಿಗೆ ಪುಸ್ತಕದ ಉಡುಪು ಚೆನ್ನಾಗಿ ಒಪ್ಪಿದೆ.

ಒಂದು ದೊಡ್ಡ ದೋಷವನ್ನು ಅಂಚಿನಲ್ಲಿ ಎರಡು ಗೆರೆ ಎಳೆದು ತೋರಿಸಿದ್ದೇನೆ. ‘ಕೆಲಸದಾಕೆಯ ಪ್ರಮಾಣಪತ್ರಗಳು ಒಡತಿಯ ಬೀರುವಿನಲ್ಲಿ ಇರುತ್ತಿದ್ದವು, ಆದ್ದರಿಂದ ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ.’ ಮುನ್ನೂರು ವರ್ಷಗಳ ಹಿಂದಿನ ತಂಗುಮನೆಯ ಕೆಲಸದಾಕೆಗೆ ಪ್ರಮಾಣಪತ್ರ ಎಲ್ಲಿಂದ ಬಂತು? ಇದು ಕಾಲದೋಷ. ಅವಳ ಹೊದಿಕೆಯನ್ನೋ ಪಾದರಕ್ಷೆಯನ್ನೋ ಒಡತಿ ಬಚ್ಚಿಟ್ಟಳು ಎಂದು ಬರೆ.

ಮುಂದಿನ ಹಾಳೆಯಲ್ಲಿ ಕಥೆ ಒಂದು ಹೆಜ್ಜೆಯಾದರೂ ಮುಂದೆ ಹೋಗಲಿ. ಎರಡು ಹಾಳೆಗಳಿಂದ ಎಲ್ಲರೂ ಮಲಗಿಯೇ ಇದ್ದಾರೆ.

ನಿನ್ನ
ಮಾವ


ಆಗಸ್ಟ್ ೪

ಮಾವನವರಿಗೆ,

ಗಡಿಯಾರದಜ್ಜಿ ಕಳೆದ ಮಂಗಳವಾರ ತೀರಿಕೊಂಡರು. ವಯಸ್ಸಾಗಿತ್ತು. ಮೇಡಂ ಎಲ್ಲ ಏರ್ಪಾಡನ್ನೂ ಚೆನ್ನಾಗಿ ಮಾಡಿದರು. ಅವರ ಮಗ ದೂರದಲ್ಲಿದ್ದಾನೆ, ಬರುವುದು ತಡವಾಗುತ್ತದೆಯಂತೆ.

ಕಥೆ ಒಂದು ಹೆಜ್ಜೆ ಮುಂದೆ ಹೋಗಲಿ ಎಂದಿರಿ. ಹೋಗಿದೆ. ಹಾಳೆಯ ಕೊನೆಯಲ್ಲಿ ಕೆಲಸದಾಕೆಗೆ ಎರಡು ದಾರಿಗಳಿವೆ. ಯಾವುದನ್ನು ಹಿಡಿಯಬೇಕೆಂದು ನನಗೆ ತೋಚುತ್ತಿಲ್ಲ. ನೀವೇ ಹೇಳಬೇಕು. ನನಗೆ ಕೇಳುವುದಕ್ಕೆ ಬೇರೆ ಯಾರಿದ್ದಾರೆ? ಅಮ್ಮ ಹೋದಂದಿನಿಂದ ಅಪ್ಪನೂ ನೀವೇ, ಮೇಷ್ಟರೂ ನೀವೇ. ನೀವು ಬರೆದಂತೆಯೇ ಮಾಡುತ್ತೇನೆ. ಆದರೆ ಬೇಗ ಬರೆಯಿರಿ. ಈ ತಿಂಗಳ ಕೊನೆಯೊಳಗೆ ಅದನ್ನು ಮುಗಿಸಬೇಕು.

ಕೊಂಬು


ಆಗಸ್ಟ್ ೧೬

ಚಿರಂಜೀವಿ ಕೊಂಬುವಿಗೆ ಆಶೀರ್ವಾದಗಳು.

ಅಜ್ಜಿಯ ಸುದ್ದಿ ತಿಳಿದು ವ್ಯಥೆಯಾಯಿತು. ವಯಸ್ಸಾದವರ ನಡುವೆ ಕೆಲಸ ಮಾಡುವವರು ಇದಕ್ಕೆ ಮನಸ್ಸನ್ನು ಒಗ್ಗಿಸಿಕೊಳ್ಳಬೇಕಾಗುತ್ತದೆ. ದುಃಖ ನಿನ್ನ ಭಾಷೆಯನ್ನು ಹದಗೊಳಿಸಿದೆ ಎಂಬುದನ್ನೂ ಹೇಳಬೇಕು. ಇಪ್ಪತ್ತಕ್ಕೆ ಹದಿನೇಳು. ನನ್ನ ಸೇವೆಯ ಅವಧಿಯಲ್ಲಿ ಇಷ್ಟು ಅಂಕ ಕೊಟ್ಟದ್ದು ಇದು ಮೂರನೆಯ ಸಲ.

‘ಮುದುಕಿ ಮಲಗಿಯೇ ಇರುತ್ತಿದ್ದಳು. ಕೆಲಸದಾಕೆ ಅವಳ ಕೈ ಹಿಡಿದುಕೊಂಡಿರುತ್ತಿದ್ದಳು. ಗಂಟೆ ನಾಲ್ಕಾಗಿರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.’ ಇಲ್ಲಿ ನಿಜವಾಗಿ ಬೇರೆ ಭೂತಕಾಲ ಬರಬೇಕು, ಏಕೆಂದರೆ ಸಾವು ಒಮ್ಮೆಯೇ ಆಗುವಂಥದು. ನಿನಗೆ ಅದನ್ನು ನಾನಿನ್ನೂ ಕಲಿಸಿಲ್ಲವಾದ್ದರಿಂದ ಅಂಕ ಕಳೆದಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಹತ್ತು ಹನಿ ಹಾಕಿದ್ದು ತನ್ನದೇ ತೀರ್ಮಾನವೆಂದು ತಂಗುಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಕೆಲಸದಾಕೆಗೆ ಬಿಡುಗಡೆ. ಹಾಕದಿದ್ದರೆ ಬೀದಿ ಮತ್ತು ಕೆಟ್ಟ ಹೆಸರು. ಇದು ಪುಸ್ತಕದಲ್ಲಿಲ್ಲದ ಪ್ರಸಂಗ. ಕೊನೆಗೂ ಸ್ವಂತ ಕಲ್ಪನೆ ಕೆಲಸ ಮಾಡಿದೆ, ಮೆಚ್ಚಿದೆ. ಹಳೆಯ ಗ್ರಂಥಗಳ ಹೆಣ್ಣು ಪಾತ್ರಗಳು ಎದುರು ನಿಲ್ಲುವುದಿಲ್ಲ, ಹೊರುತ್ತವೆ. ಓದುಗನ ಕರುಣೆ ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ಅಂಚಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ: ‘ಸಹಿ ಹಾಕಲಿ. ಕಥೆಯ ಘನತೆಗೆ ಅದೇ ಸರಿ.’

ನಿನ್ನ
ಮಾವ


ಆಗಸ್ಟ್ ೩೦

ಮಾವನವರಿಗೆ,

ನೀವು ಹೇಳಿದಂತೆಯೇ ಮುಗಿಸಿದೆ.

ಈ ಸಲ ಹಾಳೆ ಇಲ್ಲ.

ಕೊಂಬು


ಸೆಪ್ಟೆಂಬರ್ ೧೦

ಚಿರಂಜೀವಿ ಕೊಂಬುವಿಗೆ ಆಶೀರ್ವಾದಗಳು.

ಎರಡು ಸಾಲಿನ ಪತ್ರ ಬಂತು. ಮುಗಿಸಿದೆ ಎನ್ನುತ್ತೀಯೆ, ಮುಗಿಸಿದ ಹಾಳೆ ಎಲ್ಲಿ? ಹದಿನೇಳು ಅಂಕ ಬಂದೊಡನೆ ಶಿಷ್ಯರಿಗೆ ಸೋಮಾರಿತನ ಹತ್ತಿಕೊಳ್ಳುವುದನ್ನು ನಾನು ಹಿಂದೆಯೂ ಕಂಡಿದ್ದೇನೆ.

ಮನೆಗೆ ಸುಣ್ಣ ಹೊಡೆಸುವುದಿದೆ. ಸಾಮಾನುಗಳನ್ನೆಲ್ಲ ಮುಚ್ಚಿಡಬೇಕು. ಕೆಲವು ವಾರ ನನ್ನಿಂದ ಪತ್ರ ಬರದಿದ್ದರೆ ಆತಂಕ ಬೇಡ. ಐದನೆಯ ಅಧ್ಯಾಯದ ಜೊತೆಗೆ ಆರನೆಯದನ್ನೂ ಮುಂಗಡವಾಗಿ ಕಳಿಸುತ್ತಿದ್ದೇನೆ. ಸಾಲುಗಳು ತುಸು ಓರೆಯಾಗಿವೆ, ಮೇಜು ಸರಿಯಿಲ್ಲ.

ನಿನ್ನ
ಮಾವ


ಸೆಪ್ಟೆಂಬರ್ ೨೬

ಪೂಜ್ಯ ಮಾವನವರಿಗೆ ಗೌರವಪೂರ್ವಕ ವಂದನೆಗಳು.

ನಾನು ಇಲ್ಲಿ ಸುಖವಾಗಿದ್ದೇನೆ. ಸಂಸ್ಥೆಯಲ್ಲಿ ಒಂದು ಚಿಕ್ಕ ವಿಚಾರಣೆ ನಡೆಯಲಿರುವುದರಿಂದ ನನಗೆ ಕೆಲವು ದಿನ ವಿಶ್ರಾಂತಿ ನೀಡಲಾಗಿದೆ. ನನ್ನಿಂದಾದ ಒಂದು ಲೋಪವನ್ನು ನಾನು ಲಿಖಿತವಾಗಿ ಒಪ್ಪಿಕೊಂಡಿದ್ದೇನೆ. ಮೇಲ್ವಿಚಾರಕಿಯವರು ನನ್ನನ್ನು ಮಗಳಂತೆ ಕಾಣುತ್ತಿದ್ದಾರೆ. ಯಾರಾದರೂ ಬಂದು ವಿಚಾರಿಸಿದರೆ ನನಗೆ ಇಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ತಾವು ತಿಳಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಧೇಯ
ಸೋದರ ಸೊಸೆ


ಅಕ್ಟೋಬರ್ ೧೭

ಚಿರಂಜೀವಿ ಕೊಂಬುವಿಗೆ ಆಶೀರ್ವಾದಗಳು.

ಸುಣ್ಣದ ಕೆಲಸ ಮುಗಿಯಿತು. ನಿನ್ನ ಪತ್ರ ಸೇರಿದೆ. ಮೇಲ್ವಿಚಾರಕಿಯವರಿಗೆ ನನ್ನ ವಂದನೆಗಳನ್ನು ತಿಳಿಸು. ಪಾಠ ನಿಲ್ಲಬಾರದು ಎಂಬ ಕಾರಣಕ್ಕೆ ಒಂದು ಮಾದರಿ ಹಾಳೆಯನ್ನು ನಾನೇ ಬರೆದು ಜೊತೆಗಿಟ್ಟಿದ್ದೇನೆ. ನಿನಗೆ ಬರುವ ಒಂದೇ ಕಾಲದಲ್ಲಿ ಬರೆದಿದ್ದೇನೆ. ಎಂದಿನ ಆಲಸ್ಯ ಬಿಟ್ಟು ಓದು.

ನಿನ್ನ
ಮಾವ

ಜೊತೆಯ ಸ್ಪ್ಯಾನಿಷ್ ಹಾಳೆ, ನಮ್ಮ ಭಾಷೆಯಲ್ಲಿ:

ಒಬ್ಬ ಮುದುಕ ಮೇಷ್ಟ ಇರುತ್ತಿದ್ದ. ಅವನ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ, ಏಕೆಂದರೆ ಕಾಣದವನ ತಿದ್ದುಪಡಿಯನ್ನು ಯಾರೂ ನಂಬುತ್ತಿರಲಿಲ್ಲ ಎಂದು ಹೆದರುತ್ತಿದ್ದ. ಭೂತಗನ್ನಡಿಯಲ್ಲಿ ಒಂದು ಸಲಕ್ಕೆ ಒಂದೇ ಪದ ಕಾಣುತ್ತಿತ್ತು. ಅವನು ಪದಗಳನ್ನು ನೋಡುತ್ತಿದ್ದ, ಹುಡುಗಿಯನ್ನು ನೋಡುತ್ತಿರಲಿಲ್ಲ. ಕನ್ನಡಿ ಇಲ್ಲದ ಕಾಲದಲ್ಲಿಯೂ ಅವನು ಹೀಗೆಯೇ ಓದುತ್ತಿದ್ದ. ಕಣ್ಣನ್ನು ದೂರುವುದು ಸುಲಭವಾಗಿತ್ತು.

ವೈದ್ಯರು ಪೊರೆ ತೆಗೆದ ಮೇಲೆ, ಪಟ್ಟಿ ಬಿಚ್ಚುವವರೆಗೆ ಅವನು ಸುಮ್ಮನೆ ಕೂತಿರುತ್ತಿದ್ದ. ಆಮೇಲೆ ಅವನ ಮುಂದೆ ಒಂದು ಪತ್ರ ಇರುತ್ತಿತ್ತು. ಅದರಲ್ಲಿ ಒಂದು ಕೊಂಬೂ ತಪ್ಪಿರಲಿಲ್ಲ. ಅದು ಹುಡುಗಿಯ ಮಾತಾಗಿರಲಿಲ್ಲ. ಅವನು ತನ್ನ ನೋಟುಪುಸ್ತಕ ತೆರೆಯುತ್ತಿದ್ದ. ಅಲ್ಲಿ ಮೂರು ಹಾಳೆಗಳ ಶುದ್ಧ ಪ್ರತಿಗಳಿದ್ದವು. ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ಆದ್ದರಿಂದ ಅವನು ಮೊದಲ ಬಾರಿಗೆ ಓದುತ್ತಿದ್ದ.

ಹುಡುಗಿಯ ಬಳಿ ಕೆಂಪು ಶಾಯಿಯ ಮೂಲ ಹಾಳೆಗಳು ಇರುತ್ತಿದ್ದವು, ಅವುಗಳ ಮೇಲೆ ತಾರೀಖುಗಳಿದ್ದವು. ಅವಳು ಅವನ್ನು ಒಡತಿಯ ಕೈಗೆ ಸಿಗದಂತೆ ಇಡಬೇಕಾಗಿತ್ತು. ಮೇಷ್ಟ ವಿಚಾರಣೆಯ ಅಧಿಕಾರಿಗೆ ಬರೆಯುತ್ತಿದ್ದ. ಮೇಷ್ಟ ಬರಲಿದ್ದ.


ಅಕ್ಟೋಬರ್ ೨೮

ಮಾವ,

ಈ ಪತ್ರವನ್ನು ಯಾರೂ ಓದಿಲ್ಲ. ನೀವು ಬರೆದದ್ದು ಸೇರಿದ ಮೇಲೆ ಮೇಡಂ ಕೋಣೆಗೂ ಬೀರುವಿಗೂ ಅಧಿಕಾರಿಗಳು ಮೊಹರು ಹಾಕಿದ್ದಾರೆ. ನಾನೇ ಅಂಟಿಸಿ ನಾನೇ ಪೆಟ್ಟಿಗೆಗೆ ಹಾಕುತ್ತೇನೆ. ಆದ್ದರಿಂದ ನಮ್ಮ ಭಾಷೆಯಲ್ಲೇ ಹೇಳುತ್ತೇನೆ.

ಗಡಿಯಾರದಜ್ಜಿಯ ಮಗ ಸೆಪ್ಟೆಂಬರಿನಲ್ಲಿ ಬಂದ. ಔಷಧದ ಸೀಸೆಗಳ ಲೆಕ್ಕ ಹೊಂದಲಿಲ್ಲವೆಂದು ದೂರು ಕೊಟ್ಟ. ಮೇಡಂ ರಿಜಿಸ್ಟರ್ ತೆಗೆದು ನನ್ನ ಸಹಿ ತೋರಿಸಿದರು. ಸಹಿ ನನ್ನದೇ. ಅವನು ನನ್ನನ್ನು ಬೈಯಲಿಲ್ಲ. “ನಮ್ಮಮ್ಮ ನಿನ್ನ ಬಗ್ಗೆ ಬರೆಸಿದ್ಲು. ಸುಳ್ಳಿ ಅಂತ ಒಬ್ಳಿದಾಳೆ, ಒಳ್ಳೆ ಹುಡುಗಿ ಅಂತ” ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ಮೇಲೆ ನನಗೆ ಕೋಪವಿದೆ ಮಾವ. ಬಚ್ಚಿಡುವುದಿಲ್ಲ. ‘ಸಹಿ ಹಾಕಲಿ’ ಎಂಬ ನಿಮ್ಮ ಕೆಂಪಕ್ಷರವನ್ನು ಔಷಧದ ಕೋಣೆಯಲ್ಲಿ ನಿಂತು ನಾಲ್ಕು ಸಲ ಓದಿದೆ. ಮಾವನಿಗೆ ಎಲ್ಲವೂ ಅರ್ಥವಾಗಿದೆ, ಮೇಡಂಗೆ ಗೊತ್ತಾಗದಂತೆ ದಾರಿ ಹೇಳುತ್ತಿದ್ದಾರೆ ಎಂದುಕೊಂಡೆ. ಘನತೆ ಎಂದು ಬರೆದಿದ್ದಿರಿ. ಏನೋ ದೊಡ್ಡ ಯೋಚನೆ ಇರಬೇಕು ಎಂದು ಸಹಿ ಹಾಕಿಬಿಟ್ಟೆ. ಮೇಡಂ ಆಮೇಲೂ ಪ್ರಮಾಣಪತ್ರ ಕೊಡಲಿಲ್ಲ. ಹುಟ್ಟಿದಾಗಿನಿಂದ ನೀವು ನನಗೆ ಹದಿನೇಳು ಕೊಟ್ಟಿರಲಿಲ್ಲ. ಕೊಟ್ಟದ್ದು ಆ ಹಾಳೆಗೆ.

ನನ್ನ ತಪ್ಪೂ ಇದೆ. ಹತ್ತು ಹನಿ ಎಣಿಸಿದ ಕೈ ನನ್ನದು. ಮೊದಲ ದಿನವೇ ಸೀಸೆ ಕೆಳಗಿಟ್ಟು ಗೇಟು ದಾಟಬಹುದಿತ್ತು. ಮೂರು ಪ್ರಮಾಣಪತ್ರಕ್ಕಾಗಿ ದಾಟಲಿಲ್ಲ.

ಹಾಳೆಗಳು ನನ್ನ ಹತ್ತಿರವೇ ಇವೆ, ಟ್ರಂಕಿನ ತಳದ ಕಾಗದದ ಕೆಳಗೆ. ಅಧಿಕಾರಿಗೆ ಹೇಳಿದೆ. ನವೆಂಬರ್ ಒಂಬತ್ತರ ವಿಚಾರಣೆಗೆ ತರಬೇಕಂತೆ. ಗೊತ್ತಿರುವವರಿಂದ ಅನುವಾದ ಮಾಡಿಸುತ್ತಾರಂತೆ. ಆಗ ಕೆಂಪು ಶಾಯಿಯನ್ನೂ ಎಲ್ಲರ ಮುಂದೆ ಓದುತ್ತಾರೆ. ಕಾಲದೋಷ, ಕಲ್ಪನೆಯ ಬಡತನ, ಸಹಿ ಹಾಕಲಿ, ಎಲ್ಲ. ಆ ಅಜ್ಜಿಯ ಮಗ ಅಲ್ಲೇ ಕೂತಿರುತ್ತಾನೆ. ನೀವು ಮೂವತ್ತೊಂದು ವರ್ಷ ಗಳಿಸಿದ ಹೆಸರು ಅರ್ಧ ಗಂಟೆಯಲ್ಲಿ ಹೋಗುತ್ತದೆ.

ನಿಮ್ಮ ಬರಹವೆಲ್ಲ ಅಂಚಿನಲ್ಲಿಯೇ ಇದೆ. ಡ್ರೆಸ್ಸಿಂಗ್ ತಟ್ಟೆಯಲ್ಲಿ ಕತ್ತರಿ ಇದೆ. ಅಂಚನ್ನು ಕತ್ತರಿಸಿದರೂ ನನ್ನ ಮಾತು ಉಳಿಯುತ್ತದೆ.

ಹೇಳಿ. ಈ ಸಲ ನಾನು ಕಥೆಯ ಕೆಲಸದಾಕೆಯ ವಿಷಯ ಕೇಳುತ್ತಿಲ್ಲ. ನಾನೇನು ಮಾಡಲಿ?

ಕೊಂಬು


ನವೆಂಬರ್ ೨

ಕೊಂಬು,

ಕತ್ತರಿಯನ್ನು ಮುಟ್ಟಬೇಡ.

ನಿನ್ನ ಮಾತು ಮಾತ್ರ ಉಳಿದರೆ ಅಧಿಕಾರಿ ಮೊದಲು ಕೇಳುವ ಪ್ರಶ್ನೆ ಒಂದೇ: ಇಷ್ಟು ಸ್ಪಷ್ಟವಾಗಿ ಬರೆದಿದ್ದರೆ, ಓದಿದವನು ಏಕೆ ಸುಮ್ಮನಿದ್ದ? ಇದನ್ನು ಈಚೆಗೆ ಬರೆದುಕೊಂಡಿದ್ದೀಯೆ ಎಂದು ಮೇಲ್ವಿಚಾರಕಿಯ ಕಡೆಯವರು ಹೇಳುತ್ತಾರೆ. ಅದಕ್ಕೆ ಉತ್ತರ ಆ ಅಂಚಿನಲ್ಲಿ, ನನ್ನ ಕೈಬರಹದಲ್ಲಿ, ನನ್ನ ತಾರೀಖಿನೊಡನೆ ಇದೆ. ಜೂನ್ ಇಪ್ಪತ್ತಮೂರರಂದೇ ನೀನು ಹೇಳಿದ್ದು ನನ್ನ ಕಣ್ಣ ಮುಂದಿತ್ತು ಎಂಬುದಕ್ಕೆ ನನ್ನ ಮೂರ್ಖತನಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. ಸಹಿ ಹೇಗೆ ಬಿತ್ತು ಎಂಬುದಕ್ಕೂ ಅದೇ ಸಾಕ್ಷಿ. ಅದನ್ನು ಕತ್ತರಿಸಿದರೆ ನಾನು ಉಳಿಯುತ್ತೇನೆ, ನೀನು ಹೋಗುತ್ತೀಯೆ.

ಹನಿ ಎಣಿಸಿದ ಕೈ ನಿನ್ನದೆಂಬುದನ್ನೂ ಹೇಳು. ನಿನ್ನನ್ನು ಕೇಳುವ ಮೊದಲೇ ಹೇಳು. ಅದಕ್ಕೆ ಏನು ಬರುತ್ತದೆಯೋ ಬರಲಿ, ಅದು ನಿನ್ನ ಪಾಲು. ಸಹಿಯಲ್ಲಿ ನನ್ನ ಪಾಲಿದೆ. ಅದನ್ನು ನಾನು ಹೇಳುತ್ತೇನೆ.

ಅನುವಾದವನ್ನು ನಾನು ಮಾಡಲಾರೆ. ಬಂಧು ಮಾಡಿದ ಅನುವಾದ ನಿಲ್ಲುವುದಿಲ್ಲ. ನನ್ನ ಹಳೆಯ ಶಿಷ್ಯನೊಬ್ಬ ಆ ಕೆಲಸಕ್ಕೆ ಬರುತ್ತಾನೆಂದು ಅಧಿಕಾರಿ ಬರೆದಿದ್ದಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಬರೆದ ಪದ್ಯವೊಂದನ್ನು ನಾನು ತಿದ್ದಿ ತಿದ್ದಿ ಎರಡು ಸಾಲಿಗೆ ಇಳಿಸಿದ್ದೆ. ಅವನಿಗೆ ನೆನಪಿರಬಹುದು. ನನ್ನ ಕೆಂಪಕ್ಷರಗಳನ್ನು ಅವನು ಓದಿ ಹೇಳುವಾಗ ನಾನು ಎದುರಿಗೆ ಕೂತು ಕೇಳುತ್ತೇನೆ.

ನಿನ್ನೆ ದರ್ಜಿಗೆ ವಿಷಯವನ್ನೆಲ್ಲ ಹೇಳಿದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. “ಮೇಷ್ಟ್ರೇ, ಬಟ್ಟೆ ಹೊಲ್ಯೋನು ಮೊದ್ಲು ಮನ್ಷನ್ನ ನೋಡ್ಬೇಕು. ಅಳತೆ ಆಮೇಲೆ” ಎಂದ. ಅವನ ಜೊತೆಯಲ್ಲಿ ಎಂಟರಂದು ಹೊರಡುತ್ತೇನೆ. ನನಗಿನ್ನೂ ಒಂದೇ ಕಣ್ಣು ಸರಿಯಾಗಿದೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ತಪ್ಪುಗಳಿದ್ದವೋ ಇಲ್ಲವೋ ಗೊತ್ತಾಗಲಿಲ್ಲ.

ಒಂಬತ್ತರಂದು ಬೆಳಿಗ್ಗೆ ಎಂಟರಿಂದ ಗೇಟಿನ ಹೊರಗೆ ನಿಂತಿರುತ್ತೇನೆ. ನನ್ನ ಮುಖ ನೋಡಲು ಮನಸ್ಸು ಬಾರದಿದ್ದರೆ ಹಾಳೆಗಳನ್ನು ಕಾವಲುಗಾರನ ಕೈಯಲ್ಲಿ ಕಳಿಸು. ಅಂಚು ಮಡಿಸದಂತೆ ಹಿಡಿದು ಒಳಗೆ ತರುತ್ತೇನೆ.

ಮಾವ